ಬಂದರು, ನಿಂತರು, ಕೊಂದರು: ಓಂ ಶಿನ್ರಿಕ್ಯೋ ಪಾಠದ ನನ್ನ ಟಿಪ್ಪಣಿ

ಧರ್ಮದ ಸಮಾಜಶಾಸ್ತ್ರದ ಪತ್ರಿಕೆಗೆ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಮೊದಲು ನನಗಾಗಿ. ಕಿರುಪರೀಕ್ಷೆಯಲ್ಲಿ 'ಧಾರ್ಮಿಕ ಉಗ್ರವಾದದ ಕಾರಣಗಳನ್ನು ಒಂದು ಉದಾಹರಣೆಯೊಂದಿಗೆ ವಿವರಿಸಿ' ಅಂತ ಹತ್ತು ಅಂಕದ ಪ್ರಶ್ನೆ ಬಂದಿತ್ತು. ಜಪಾನಿನ ಓಂ ಶಿನ್ರಿಕ್ಯೋ ಎಂಬ ಪಂಥವನ್ನು ಉದಾಹರಣೆಯಾಗಿ ಹಿಡಿದು ನಾಲ್ಕು ಪುಟ ತುಂಬಿಸಿದೆ. ಸಿಕ್ಕಿದ್ದು ಮೂರೂವರೆ. ಅಂಚಿನಲ್ಲಿ ಮೇಡಂ ಒಂದೇ ಸಾಲು ಬರೆದಿದ್ದರು: 'ನೀನು ನೋಡಿದ್ದು ಯಾರನ್ನು?' ಆ ಸಾಲು ತಲೆಗೆ ಹೋಗಲು ಒಂದು ವಾರ ಬೇಕಾಯಿತು. ಮರೆಯುವ ಮುಂಚೆ ಬರೆದಿಡುತ್ತೇನೆ.

ಘಟನೆ, ಚುಟುಕಾಗಿ

1995ರ ಮಾರ್ಚ್ 20, ಸೋಮವಾರ ಬೆಳಗ್ಗೆ. ಟೋಕಿಯೋದ ಸುರಂಗ ರೈಲು, ಆಫೀಸಿಗೆ ಹೋಗುವವರ ನೂಕುನುಗ್ಗಲು. ಐದು ಜನ ಐದು ರೈಲು ಹತ್ತಿದರು. ಪತ್ರಿಕೆಯಲ್ಲಿ ಸುತ್ತಿದ್ದ ಪ್ಲಾಸ್ಟಿಕ್ ಚೀಲಗಳನ್ನು ನೆಲಕ್ಕಿಟ್ಟು, ಚೂಪು ಮಾಡಿದ ಕೊಡೆಯ ತುದಿಯಿಂದ ಚುಚ್ಚಿ ಇಳಿದು ಹೋದರು. ಒಳಗಿದ್ದದ್ದು ಸರಿನ್, ನರಗಳನ್ನು ಕೆಡಿಸುವ ವಿಷ. 6,000ಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಸತ್ತವರ ಲೆಕ್ಕದಲ್ಲಿ ಸ್ವಲ್ಪ ಗೊಂದಲವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮಾಡಿದ್ದು ಓಂ ಶಿನ್ರಿಕ್ಯೋ ಎಂಬ ಪಂಥ. ಗುರು ಶೋಕೋ ಅಸಹರ, ಹುಟ್ಟುಹೆಸರು ಚಿಜುವೊ ಮತ್ಸುಮೊತೊ. 1984ರಲ್ಲಿ ಶುರುವಾದಾಗ ಅದೊಂದು ಸಣ್ಣ ಯೋಗ ತರಗತಿ. ನಮ್ಮವರಿಗೆ ಈ ಪಾಠ ಓದುವಾಗ ಒಂಥರಾ ಮುಜುಗರವಾಗುತ್ತದೆ, ಯಾಕೆಂದರೆ ಪದಗಳೆಲ್ಲ ನಮ್ಮ ಮನೆಯವೇ. ಹೆಸರಲ್ಲೇ ಓಂಕಾರ. ಆರಾಧ್ಯ ದೈವ ಶಿವ. ಗುರು ಹಿಮಾಲಯದಲ್ಲಿ ಮುಕ್ತಿ ಸಿಕ್ಕಿತು ಅಂತ ಹೇಳಿಕೊಂಡವನು. ಶಿಷ್ಯರಿಗೆ ಮೈತ್ರೇಯ, ಮಂಜುಶ್ರೀ ಎಂಬ ಹೆಸರುಗಳು. ಫ್ಯೂಜಿ ಬೆಟ್ಟದ ಬುಡದ ಕಮಿಕುಯಿಶಿಕಿ ಹಳ್ಳಿಯಲ್ಲಿದ್ದ ಇವರ ಕಟ್ಟಡಗಳಿಗೆ ನಂಬರ್ ಹಾಕಿ 'ಸತ್ಯಂ' ಅಂತ ಹೆಸರಿಟ್ಟಿದ್ದರು. ಸರಿನ್ ಕಾರ್ಖಾನೆ ಇದ್ದದ್ದು ಏಳನೇ ಸತ್ಯಂನಲ್ಲಿ.

ನಾನು ಮುಗ್ಗರಿಸಿದ ಜಾಗ

ನನ್ನ ಉತ್ತರ ಹೀಗಿತ್ತು. 'ಉಗ್ರವಾದಕ್ಕೆ ಬಡತನ, ಅನಕ್ಷರತೆ ಕಾರಣ ಅನ್ನುತ್ತಾರೆ. ಇಲ್ಲಿ ನೋಡಿದರೆ ವಿಷ ಇಟ್ಟ ಐದೂ ಜನ ವಿಜ್ಞಾನ, ವೈದ್ಯಕೀಯ, ತಂತ್ರಜ್ಞಾನ ಓದಿದವರು. ಇಕುವೊ ಹಯಾಶಿ ಹೃದಯದ ಶಸ್ತ್ರಚಿಕಿತ್ಸಕ. ತೋರು ತೊಯೊದಾ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಆದ್ದರಿಂದ ಓದಿದವರೇ ಉಗ್ರವಾದಕ್ಕೆ ಬೇಗ ಬಲಿಯಾಗುತ್ತಾರೆ.'

ಕೊನೆಯ ವಾಕ್ಯ ಬಿಟ್ಟರೆ ಉಳಿದದ್ದೆಲ್ಲ ಸರಿ. ಆ ಕೊನೆಯ ವಾಕ್ಯಕ್ಕೇ ಅಂಕ ಹೋಗಿದ್ದು.

ನನಗೆ ಇದು ಹೊಳೆದದ್ದು ಚಿಕ್ಕಮ್ಮನ ಮಗಳ ಮದುವೆಯಲ್ಲಿ. ಐನೂರು ಜನ ಊಟಕ್ಕೆ ಬಂದಿದ್ದರು. ನೀರು ಕೇಳಲು ಹಿಂದಿನ ಅಡುಗೆಮನೆಗೆ ಹೋದೆ. ಅಲ್ಲಿ ಎಂಟು ಜನ. ಎಂಟೂ ಜನ ಹುಳಿ, ಪಾಯಸ ಕಣ್ಣುಮುಚ್ಚಿ ಮಾಡುವವರು. ಅವರನ್ನು ನೋಡಿ 'ಮದುವೆಗೆ ಬರುವವರೆಲ್ಲ ಅಡುಗೆ ಬಲ್ಲವರು' ಅಂತ ಬರೆದರೆ? ಅವರು ಅಡುಗೆಮನೆಯಲ್ಲಿದ್ದದ್ದೇ ಅಡುಗೆ ಬರುತ್ತೆ ಅಂತ. ಪಂಕ್ತಿಯಲ್ಲಿ ಕೂತ ಐನೂರು ಜನರ ಬಗ್ಗೆ ಆ ಎಂಟು ಜನ ನನಗೆ ಏನನ್ನೂ ಹೇಳುವುದಿಲ್ಲ.

ಸರಿನ್ ಕೂಡ ಹಾಗೆಯೇ. ಅದನ್ನು ತಯಾರಿಸಲು ರಸಾಯನಶಾಸ್ತ್ರ ಗೊತ್ತಿರುವವರು ಬೇಕು. ಪಂಥ ತನ್ನೊಳಗೇ ಅಂಥವರನ್ನು ಹುಡುಕಿ ಅದೇ ಕೆಲಸಕ್ಕೆ ಹಾಕಿತು. ಮುಖ್ಯವಾಗಿ ಅದನ್ನು ತಯಾರಿಸಿದ ಮಸಾಮಿ ತ್ಸುಚಿಯಾ ರಸಾಯನಶಾಸ್ತ್ರವನ್ನೇ ಓದಿದವನು. ಪತ್ರಿಕೆಗಳಲ್ಲಿ ಬಂದ ಫೋಟೋಗಳೆಲ್ಲ ಈ ಅಡುಗೆಮನೆಯವು. ಪಂಕ್ತಿಯಲ್ಲಿ ಯಾರಿದ್ದರು? ಜಪಾನಿನಲ್ಲಿ ಸುಮಾರು 10,000 ಸದಸ್ಯರು. ಅವರಲ್ಲಿ ಗೃಹಿಣಿಯರು, ನರ್ಸುಗಳು, ವಿದ್ಯಾರ್ಥಿಗಳು, ಬೆನ್ನುನೋವಿಗೆ ಯೋಗ ಕಲಿಯಲು ಬಂದವರು, ಎಲ್ಲರೂ ಇದ್ದರು. ಮೇಡಂ ಕೇಳಿದ್ದು ಇದನ್ನೇ. ನಾನು ಎಂಟು ಜನರನ್ನು ನೋಡಿ ಐನೂರು ಜನರ ಜಾತಕ ಬರೆದಿದ್ದೆ.

ಇನ್ನೂ ಒಂದು ಹೆಜ್ಜೆ ಇದೆ. ಸದಸ್ಯರಲ್ಲಿ ಓದಿದವರು ಜಾಸ್ತಿ ಇದ್ದರು ಅಂತಲೇ ಇಟ್ಟುಕೊಳ್ಳಿ. ಆಗಲೂ ಪ್ರಶ್ನೆಯನ್ನು ತಿರುಗಿಸಿ ನೋಡಬೇಕು. ಜಪಾನಿನಲ್ಲಿ ಪ್ರತಿ ವರ್ಷ ಲಕ್ಷಾಂತರ ಜನ ಡಿಗ್ರಿ ಮುಗಿಸುತ್ತಾರೆ. ಅವರಲ್ಲಿ ಈ ಪಂಥ ಸೇರಿದವರು ಎಷ್ಟು? ಬೆರಳೆಣಿಕೆ. ಒಂಟಿತನ, ಬಡತನ, ಓದು, ಕೆಲಸದ ಬೇಸರ, ಯಾವ ಕಾರಣ ಹೇಳಿದರೂ ಈ ಪ್ರಶ್ನೆ ಎದುರು ನಿಲ್ಲುತ್ತದೆ: ಅದೇ ಕಾರಣ ಇದ್ದ ಉಳಿದ ಲಕ್ಷ ಜನ ಯಾಕೆ ಸುಮ್ನೆ ಮನೆಯಲ್ಲಿದ್ದರು? ಉತ್ತರ ಬರೆಯುವಾಗ ಪ್ರತಿ ಕಾರಣದ ಪಕ್ಕ ಇದನ್ನೊಮ್ಮೆ ಕೇಳಿಕೊಳ್ಳಿ. ಅರ್ಧ ಕಾರಣಗಳು ತಾವಾಗಿಯೇ ಉದುರುತ್ತವೆ.

ನನ್ನ ಅಡ್ಡದಾರಿ

'ಯಾಕೆ ಉಗ್ರವಾದಿಗಳಾದರು' ಎಂಬುದು ಒಂದು ಪ್ರಶ್ನೆಯಂತೆ ಕಾಣುತ್ತದೆ. ಬಿಚ್ಚಿದರೆ ಮೂರು. ಯಾಕೆ ಬಂದರು, ಯಾಕೆ ನಿಂತರು, ಯಾಕೆ ಕೊಂದರು. ಬಂದರು, ನಿಂತರು, ಕೊಂದರು ಅಂತ ಪ್ರಾಸ ಹಾಕಿ ಬಾಯಿಪಾಠ ಮಾಡಿದ್ದೇನೆ. ಒಂದರ ಉತ್ತರವನ್ನು ಇನ್ನೊಂದರ ಮುಂದೆ ಬರೆದರೆ ಅಂಕ ಹೋಯಿತು ಅಂತಲೇ ಲೆಕ್ಕ.

ಬಂದದ್ದಕ್ಕೆ ಕಾರಣ ಸುಲಭ. ಯೋಗ, ಆರೋಗ್ಯ, ಗುರು ಗಾಳಿಯಲ್ಲಿ ತೇಲುತ್ತಾನೆ ಎಂಬ ಫೋಟೋ, ದುಡ್ಡಿದ್ದ ಕಾಲದಲ್ಲಿ ದುಡ್ಡಿಗಿಂತ ಬೇರೇನೋ ಬೇಕು ಅನ್ನಿಸಿದ್ದು. ಇದರಲ್ಲಿ ಅಪರಾಧ ಏನೂ ಇಲ್ಲ.

ನಿಂತದ್ದು ಬೇರೆ ಕಥೆ. ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಸನ್ಯಾಸಿಗಳಾದರು. ಇದ್ದ ಆಸ್ತಿಯನ್ನೆಲ್ಲ ಪಂಥಕ್ಕೆ ಕೊಡಬೇಕು, ಅಪ್ಪ ಅಮ್ಮನ ಸಂಪರ್ಕ ಕಡಿಯಬೇಕು. ನಿದ್ದೆ ಕಡಿಮೆ, ಊಟ ಕಡಿಮೆ. ತಲೆಗೆ ತಂತಿಗಳಿದ್ದ ಟೋಪಿ ಹಾಕಿಕೊಂಡರೆ ಗುರುವಿನ ಮನಸ್ಸಿನ ಅಲೆಗಳೇ ನಮ್ಮೊಳಗೆ ಬರುತ್ತವೆ ಅಂತ ನಂಬಿಕೆ. ದೀಕ್ಷೆಯ ಹೆಸರಲ್ಲಿ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕವಸ್ತು ಕೊಟ್ಟದ್ದೂ ಉಂಟು. ಹೀಗೆ ಎಲ್ಲ ಕೊಟ್ಟ ಮೇಲೆ ಹಿಂದಿರುಗಿ ಹೋಗಲು ಮನೆಯೂ ಇಲ್ಲ, ಕೆಲಸವೂ ಇಲ್ಲ. ಹೋಗುತ್ತೇನೆ ಅಂದವರನ್ನು ಬಲವಂತವಾಗಿ ಹಿಡಿದಿಟ್ಟರು. 1995ರ ಫೆಬ್ರವರಿಯಲ್ಲಿ, ಪಂಥ ಬಿಡಲು ಬಯಸಿದ ತಂಗಿಯನ್ನು ಬಚ್ಚಿಟ್ಟ ಅಣ್ಣನನ್ನೇ ಹೊತ್ತೊಯ್ದರು. ಅವರು ಬದುಕಿ ಬರಲಿಲ್ಲ.

ಕೊಂದರು: ತತ್ವ ಮೊದಲೋ, ಹೆಣ ಮೊದಲೋ

ಇಲ್ಲಿ ಎರಡನೇ ಸಲ ಮುಗ್ಗರಿಸಿದೆ. ಅಸಹರನ ಬೋಧನೆಯಲ್ಲಿ 'ಪೊವಾ' ಅಂತ ಒಂದು ಪದ ಬರುತ್ತದೆ. ಟಿಬೆಟ್ಟಿನ ಬೌದ್ಧ ಸಾಧನೆಯಲ್ಲಿ ಅದು ಸಾಯುವ ಹೊತ್ತಿನಲ್ಲಿ ಪ್ರಜ್ಞೆಯನ್ನು ಮೇಲಿನ ಲೋಕಕ್ಕೆ ಕಳುಹಿಸುವುದು. ಅಸಹರ ಅದನ್ನು ತಿರುಚಿದ. ಒಬ್ಬ ಪಾಪ ಮಾಡುತ್ತಲೇ ಹೋಗುತ್ತಿದ್ದಾನೆ, ಬದುಕಿದಷ್ಟೂ ಕೆಟ್ಟ ಕರ್ಮ ಕೂಡುತ್ತದೆ. ಅದನ್ನು ಕಾಣಬಲ್ಲ ಗುರು ಅವನ ಆಯುಷ್ಯ ಮುಗಿಸಿದರೆ ಅವನಿಗೇ ಉಪಕಾರ. ಕೊಲೆಗೆ ಕರುಣೆಯ ಹೆಸರು.

ಇದನ್ನು ಓದಿದ ತಕ್ಷಣ 'ತತ್ವವೇ ಕಾರಣ' ಅಂತ ಗೆರೆ ಎಳೆದೆ. ಆಮೇಲೆ ತಾರೀಖುಗಳನ್ನು ಸಾಲಾಗಿ ಬರೆದಾಗ ಚಿತ್ರವೇ ತಿರುಗಿತು. ದಯವಿಟ್ಟು ನೀವೂ ಒಂದು ಹಾಳೆಯಲ್ಲಿ ಬರೆದು ನೋಡಿ.

1988ರಲ್ಲಿ ಒಬ್ಬ ಸದಸ್ಯ ಕಠಿಣ ಸಾಧನೆಯ ನಡುವೆ ಸತ್ತ. ಅಪಘಾತ. ಪೊಲೀಸರಿಗೆ ಹೇಳಬಹುದಿತ್ತು. ಆದರೆ ಸರ್ಕಾರದಿಂದ ಧಾರ್ಮಿಕ ಸಂಸ್ಥೆ ಎಂಬ ಮಾನ್ಯತೆ ಪಡೆಯುವುದು ಪಂಥದ ಗುರಿಯಾಗಿತ್ತು. ಮಾನ್ಯತೆ ಅಂದರೆ ತೆರಿಗೆ ರಿಯಾಯಿತಿ, ರಕ್ಷಣೆ, ಮರ್ಯಾದೆ. ಹೆಣವನ್ನು ಗುಟ್ಟಾಗಿ ಸುಟ್ಟುಬಿಟ್ಟರು. ಇದು ಗೊತ್ತಿದ್ದ ಇನ್ನೊಬ್ಬ ಸದಸ್ಯ ಪಂಥ ಬಿಡುತ್ತೇನೆ ಅಂದ. 1989ರ ಫೆಬ್ರವರಿಯಲ್ಲಿ ಅವನನ್ನು ಕೊಂದರು. ಅದೇ ಆಗಸ್ಟಿನಲ್ಲಿ ಮಾನ್ಯತೆ ಸಿಕ್ಕಿತು. ನವೆಂಬರಿನಲ್ಲಿ ಸದಸ್ಯರ ಕುಟುಂಬಗಳ ಪರ ನಿಂತಿದ್ದ ವಕೀಲ ತ್ಸುತ್ಸುಮಿ ಸಕಮೊತೊ, ಅವರ ಹೆಂಡತಿ, ಒಂದು ವರ್ಷದ ಮಗು, ಮೂವರನ್ನೂ ಮನೆಗೆ ನುಗ್ಗಿ ಕೊಂದರು.

ಅಂದರೆ ಮೊದಲ ಕೊಲೆ ಒಂದು ಅಪಘಾತವನ್ನು ಮುಚ್ಚಲು ನಡೆದದ್ದು. ಪ್ರಳಯ, ಮೂರನೇ ಮಹಾಯುದ್ಧ ಅಂತ ಅಸಹರ ದೊಡ್ಡ ದೊಡ್ಡ ಮಾತಾಡುತ್ತಿದ್ದ, ನಿಜ. ಆದರೆ ಕೈಗೆ ರಕ್ತ ಹತ್ತಿದ್ದು ಅರ್ಜಿ ಕೆಡಬಾರದು ಎಂಬ ಗುಮಾಸ್ತಗಿರಿಯ ಭಯದಿಂದ. ಪೊವಾ ಎಂಬ ಪದ ಆ ಭಯಕ್ಕೆ ಹೊದಿಸಿದ ಕಾವಿ ಬಟ್ಟೆ. ಒಮ್ಮೆ ಹೊದಿಸಿದ ಮೇಲೆ ಅದು ನಿಜವಾಗಿಯೂ ಕೆಲಸ ಮಾಡತೊಡಗಿತು, ಅದನ್ನೂ ಬರೆಯಬೇಕು. ಮುಂದಿನ ಕೊಲೆಗೆ ಕೈ ನಡುಗಿದವನಿಗೆ ಆ ಪದವೇ ಧೈರ್ಯ ಕೊಟ್ಟಿತು. ಪೂರ್ತಿ ನಾಟಕ ಅಂದರೂ ತಪ್ಪು, ಪೂರ್ತಿ ತತ್ವ ಅಂದರೂ ತಪ್ಪು.

1990ರ ಫೆಬ್ರವರಿಯ ಚುನಾವಣೆಯನ್ನೂ ಈ ಹಾಳೆಯಲ್ಲಿ ಸೇರಿಸಿ. ಪಂಥ 25 ಜನರನ್ನು ನಿಲ್ಲಿಸಿತು. ಬೆಂಬಲಿಗರು ಗಣೇಶನ ಮುಖದ ಟೋಪಿ, ಗುರುವಿನ ಮುಖವಾಡ ಹಾಕಿಕೊಂಡು ಬೀದಿಯಲ್ಲಿ ಕುಣಿದರು. 25 ಜನವೂ ಸೋತರು. ಅಸಹರನಿಗೆ ಬಿದ್ದದ್ದು 1,783 ಮತ. ಲೋಕ ನಗುತ್ತಿತ್ತು. ಒಳಗೆ ಮಾತ್ರ ಮತಗಳನ್ನು ಕದ್ದರು, ಸರ್ಕಾರ ನಮ್ಮ ಶತ್ರು ಎಂಬ ಕಥೆ ಗಟ್ಟಿಯಾಯಿತು. ವಿಷ, ರೋಗಾಣು ತಯಾರಿಸುವ ಪ್ರಯತ್ನಗಳು ಇದರ ನಂತರದವು.

ಪೊಲೀಸರು ಯಾಕೆ ತಡಮಾಡಿದರು

ಸಕಮೊತೊ ಮನೆಯಲ್ಲಿ ಪಂಥದ ಬ್ಯಾಡ್ಜ್ ಬಿದ್ದಿತ್ತು. (ಅದರ ಹೆಸರು 'ಪುರುಷ'. ಮತ್ತೆ ನಮ್ಮ ಪದ!) ಆದರೂ ಪೊಲೀಸರು ಅದನ್ನು ಕಾಣೆಯಾದ ಪ್ರಕರಣದಂತೆ ನೋಡಿದರು. ಹೆಣಗಳು ಸಿಕ್ಕಿದ್ದು ಸುಮಾರು ಆರು ವರ್ಷದ ಮೇಲೆ, 1995ರ ಸೆಪ್ಟೆಂಬರಿನಲ್ಲಿ.

ಸೋಮಾರಿತನ ಅಂತ ಬರೆದು ಮುಂದೆ ಹೋಗಬೇಡಿ. ಎರಡನೇ ಮಹಾಯುದ್ಧಕ್ಕೆ ಮೊದಲು ಜಪಾನ್ ಸರ್ಕಾರ ಧರ್ಮಗಳನ್ನು ತುಳಿದಿತ್ತು. 1935ರಲ್ಲಿ ಓಮೊತೊ ಎಂಬ ಪಂಥದ ಮೇಲೆ ದಾಳಿ ಮಾಡಿ, ಮರುವರ್ಷ ಅದರ ಕಟ್ಟಡಗಳನ್ನು ಡೈನಮೈಟ್ ಇಟ್ಟು ಉಡಾಯಿಸಿತು. ಆ ನಾಚಿಕೆ ಉಳಿದಿತ್ತು. ಹೊಸ ಸಂವಿಧಾನದ 20ನೇ ವಿಧಿ ಧರ್ಮ ಸ್ವಾತಂತ್ರ್ಯ ಕೊಟ್ಟಿತು. ಹಾಗಾಗಿ ನೋಂದಾಯಿತ ಧರ್ಮದ ಬಾಗಿಲು ತಟ್ಟಲು ಅಧಿಕಾರಿಗಳು ಹಿಂಜರಿದರು. ಒಂದು ಕಾಲದ ಅತಿರೇಕ ಇನ್ನೊಂದು ಕಾಲದ ಹಿಂಜರಿಕೆಯಾಯಿತು. ನನ್ನ ಅಭಿಪ್ರಾಯ: ಸ್ವಾತಂತ್ರ್ಯ ನಂಬಿಕೆಗೆ ಸಿಕ್ಕಿದ್ದು. ಅಪಹರಣದ ದೂರನ್ನು ತನಿಖೆ ಮಾಡಲು ಯಾರ ದೇವರನ್ನೂ ಮುಟ್ಟಬೇಕಿಲ್ಲ.

ಕೊನೆಗೂ ದೊಡ್ಡ ದಾಳಿಗೆ ಪೊಲೀಸರು ಸಿದ್ಧರಾದಾಗ ಸುಳಿವು ಪಂಥಕ್ಕೆ ಸಿಕ್ಕಿತು. ತನಿಖೆಯ ದಿಕ್ಕು ತಪ್ಪಿಸಲೆಂದೇ ಪಂಥದವರು ಸರಿನ್ ಇಡಲು ಪೊಲೀಸ್ ಮುಖ್ಯ ಕಚೇರಿ ಇರುವ ಕಸುಮಿಗಸೆಕಿ ಕಡೆಗೆ ಹೋಗುವ ರೈಲುಗಳನ್ನು ಆರಿಸಿದರು. ವಿಷ ಇಟ್ಟ ಎರಡು ದಿನದ ಮೇಲೆ, ಮಾರ್ಚ್ 22ರಂದು, ಪೊಲೀಸರು ಕಮಿಕುಯಿಶಿಕಿಗೆ ನುಗ್ಗಿದರು. ವಿಷಗಾಳಿ ಇದೆಯೇ ಎಂದು ತಿಳಿಯಲು ಮುಂದೆ ಪಂಜರದಲ್ಲಿ ಕೆನರಿ ಹಕ್ಕಿಗಳು. ಅಸಹರ ಸಿಕ್ಕಿದ್ದು ಮೇ 16ಕ್ಕೆ.

ಆಮೇಲೆ ಸಮಾಜ ಏನು ಮಾಡಿತು

ಇಲ್ಲಿ ಎರಡು ಕಾನೂನು ಕಲಸುಮೇಲೋಗರ ಆಗುತ್ತವೆ, ಜೋಪಾನ. 1952ರದ್ದು ಸಂಘಟನೆಯನ್ನೇ ವಿಸರ್ಜಿಸಲು ಅವಕಾಶ ಕೊಡುವ ಹಳೆಯ ಕಾನೂನು. ಅದನ್ನು ಬಳಸಿ ಅಂತ ಬೇಡಿಕೆ ಬಂತು, 1997ರ ಜನವರಿಯಲ್ಲಿ ಅದಕ್ಕಾಗಿಯೇ ಇದ್ದ ಆಯೋಗ ಬೇಡ ಅಂದಿತು. ಧಾರ್ಮಿಕ ಸಂಸ್ಥೆಯ ಮಾನ್ಯತೆ 1995ರಲ್ಲೇ ರದ್ದಾಗಿತ್ತು. ಅಂದರೆ ತೆರಿಗೆ ಸೌಲಭ್ಯ ಹೋಯಿತು, ಪ್ರಾರ್ಥಿಸುವ ಹಕ್ಕು ಉಳಿಯಿತು. 1999ರದ್ದು ಹೊಸ ಕಾನೂನು. ಸಾಮೂಹಿಕ ಹತ್ಯೆ ಮಾಡಿದ ಸಂಘಟನೆಯ ಮೇಲೆ ನಿಗಾ ಇಡುವುದು, ಕಟ್ಟಡಗಳನ್ನು ತಪಾಸಣೆ ಮಾಡುವುದು, ಅವಧಿ ಮುಗಿದಾಗ ಮತ್ತೆ ಪರಿಶೀಲಿಸುವುದು. ಹೆಸರು ಬದಲಿಸಿ 'ಅಲೆಫ್' ಆದ ಪಂಥ ಈಗಲೂ ಈ ನಿಗಾದಲ್ಲೇ ಇದೆ. ನನಗೆ ಈ ಆಯ್ಕೆ ಸರಿ ಅನ್ನಿಸುತ್ತದೆ. ನಿಷೇಧಿಸಿದ್ದರೆ ನೆಲದಡಿಗೆ ಇಳಿಯುತ್ತಿದ್ದರು, ಕಣ್ಣಿಗೂ ಬೀಳುತ್ತಿರಲಿಲ್ಲ.

ನೆರೆಹೊರೆಯವರು ಮಾಡಿದ್ದು ಬೇರೆ. ಹಲವು ಊರುಗಳು ಸದಸ್ಯರನ್ನು ನಿವಾಸಿಗಳೆಂದು ನೋಂದಾಯಿಸಲೇ ಒಪ್ಪಲಿಲ್ಲ, ಅವರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಭಯ ಅರ್ಥವಾಗುತ್ತದೆ. ನಮ್ಮ ಬೀದಿಯಾಗಿದ್ದರೆ ನಮ್ಮಮ್ಮನೂ ಗೇಟಿಗೆ ಬೀಗ ಹಾಕುತ್ತಿದ್ದಳು. ಆದರೆ 'ನಿಂತರು' ಭಾಗವನ್ನು ನೆನೆಯಿರಿ. ಹಿಂದಿರುಗಲು ಮನೆ ಇಲ್ಲದ್ದರಿಂದಲೇ ನಿಂತವರು ಅವರು. ಊರೂ ಬಾಗಿಲು ಹಾಕಿದರೆ ಉಳಿಯುವುದು ಪಂಥದ ಬಾಗಿಲೊಂದೇ, ಅಲ್ವಾ? ಕೋರ್ಟುಗಳೂ ನೋಂದಣಿ ನಿರಾಕರಣೆ ಒಪ್ಪಲಿಲ್ಲ.

ಅಸಹರ ಮತ್ತು ಇತರ 12 ಜನರನ್ನು 2018ರ ಜುಲೈನಲ್ಲಿ ಎರಡು ಕಂತಿನಲ್ಲಿ ಗಲ್ಲಿಗೇರಿಸಿದರು. ತಪ್ಪೊಪ್ಪಿಕೊಂಡ ಡಾಕ್ಟರ್ ಹಯಾಶಿಗೆ ಜೀವಾವಧಿ.

ಸಾವಿನ ಲೆಕ್ಕ

ಸುರಂಗ ರೈಲಿನ ಘಟನೆಗೆ ಪುಸ್ತಕಗಳಲ್ಲಿ 12, 13, 14 ಅಂತ ಬೇರೆ ಬೇರೆ ಸಂಖ್ಯೆ ಕಾಣುತ್ತದೆ. 14 ಬರೆಯಿರಿ. ಅಂದಿನಿಂದ 25 ವರ್ಷ ಮಲಗಿದಲ್ಲೇ ಇದ್ದ ಮಹಿಳೆ 2020ರಲ್ಲಿ ತೀರಿಕೊಂಡರು.

ಅದಕ್ಕೂ ಮೊದಲು, 1994ರ ಜೂನ್ 27ರ ರಾತ್ರಿ, ಮತ್ಸುಮೊತೊ ಪಟ್ಟಣದಲ್ಲೂ ಇದೇ ಪಂಥ ಸರಿನ್ ಬಿಟ್ಟಿತ್ತು. ಅಲ್ಲಿ 7 ಎಂದೂ 8 ಎಂದೂ ಬರೆಯುತ್ತಾರೆ. ಆ ರಾತ್ರಿ ಮೊದಲು ಸಹಾಯಕ್ಕೆ ಕರೆ ಮಾಡಿದ ಮನುಷ್ಯನ ಮನೆಯಲ್ಲಿ ಕೆಲವು ರಾಸಾಯನಿಕಗಳಿದ್ದವು. ಪೊಲೀಸರು ಅವರನ್ನೇ ಅನುಮಾನಿಸಿದರು, ಪತ್ರಿಕೆಗಳು ಅವರನ್ನೇ ಅಪರಾಧಿ ಎಂಬಂತೆ ಬರೆದವು. ಟೋಕಿಯೋ ಘಟನೆಯ ನಂತರ ಹಲವರು ಕ್ಷಮೆ ಕೇಳಿದರು. ಅವರ ಹೆಂಡತಿ ಆ ರಾತ್ರಿ ತಪ್ಪಿದ ಪ್ರಜ್ಞೆ ಮರಳದೆ 2008ರಲ್ಲಿ ತೀರಿಕೊಂಡರು. ಎಂಟನೆಯವರು ಅವರೇ.