ಡಿಫರ್ ಆಗಿದೆ, ದೊಡ್ಡವರಿಂದ ಒಂದು ಲೆಟರ್ ಬರೆಸಲಾ?

ಪ್ರಶ್ನೆ: ಮಗಳು ಸೆಕೆಂಡ್ ಪಿಯುಸಿ. ಅಮೆರಿಕದ ಒಂದು ಯೂನಿವರ್ಸಿಟಿಗೆ ನವೆಂಬರ್ 1 ರ ಅರ್ಲಿ ಗಡುವಿನಲ್ಲಿ ಅರ್ಜಿ ಹಾಕಿದ್ದಳು. ಈಗ ಡಿಫರ್ ಅಂತ, ಅಂದರೆ ತೀರ್ಮಾನ ಆಮೇಲೆ ಹೇಳುತ್ತೇವೆ ಅಂತ, ಬಂದಿದೆ. ನಮಗೆ ಪರಿಚಯದ ನಿವೃತ್ತ ಕುಲಪತಿಗಳೊಬ್ಬರಿದ್ದಾರೆ. ನಮ್ಮ ಭಾವನ ಸ್ನೇಹಿತರು ಅದೇ ಯೂನಿವರ್ಸಿಟಿಯಲ್ಲಿ ಓದಿ, ಈಗ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಇಬ್ಬರಿಂದಲೂ ಶಿಫಾರಸು ಪತ್ರ ಕಳಿಸಿದರೆ ಅನುಕೂಲ ಆಗುತ್ತದಾ? ಬೇರೆ ಏನಾದರೂ ಮಾಡಬಹುದಾ?

ಉತ್ತರ: ಡಿಸೆಂಬರ್ ಮಧ್ಯ ದಾಟಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕುಲಪತಿಗಳ ಜಾಗದಲ್ಲಿ ಒಂದು ವರ್ಷ ಎಂಎಲ್‌ಎ ಇರುತ್ತಾರೆ, ಇನ್ನೊಂದು ವರ್ಷ ಐಎಎಸ್ ಅಧಿಕಾರಿ, ಮತ್ತೊಂದು ವರ್ಷ ಮಠದ ಸ್ವಾಮೀಜಿ. ನನ್ನ ಉತ್ತರ ಮಾತ್ರ ಬದಲಾಗಿಲ್ಲ. ಬೇಡ, ಕಳಿಸಬೇಡಿ.

ಮೊದಲು ಡಿಫರ್ ಆದರೆ ಏನಾಗುತ್ತದೆ ಅಂತ ಬೇಗ ಹೇಳಿಬಿಡುತ್ತೇನೆ. ಅರ್ಜಿ ರೆಗ್ಯುಲರ್ ಗುಂಪಿಗೆ, ಅಂದರೆ ಸಾಮಾನ್ಯ ಗಡುವಿನಲ್ಲಿ ಹಾಕಿದವರ ಜೊತೆಗೆ, ಹೋಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಲ್ಲರ ಜೊತೆ ಇನ್ನೊಮ್ಮೆ ಓದುತ್ತಾರೆ. ಮಾರ್ಚ್ ಕೊನೆಯ ಹೊತ್ತಿಗೆ ಫಲಿತಾಂಶ. ಅರ್ಲಿ ಡಿಸಿಷನ್‌ನಲ್ಲಿ ಹಾಕಿದ್ದರೆ, 'ಸಿಕ್ಕರೆ ಇಲ್ಲಿಗೇ ಬರುತ್ತೇನೆ' ಅಂತ ಕೊಟ್ಟ ಮಾತಿನಿಂದ ಮಗು ಈಗ ಬಿಡುಗಡೆ ಆದ ಹಾಗೆ.

'ಇದು ಮರ್ಯಾದೆಯಾಗಿ ಬೇಡ ಅಂದಿದ್ದು ಅಲ್ವಾ?' ಅಂತಲೂ ಕೇಳುತ್ತಾರೆ. ಅದು ಕಾಲೇಜಿನ ಮೇಲೆ ಹೋಗುತ್ತದೆ. 2021 ರ ಡಿಸೆಂಬರ್‌ನಲ್ಲಿ ಹಾರ್ವರ್ಡ್‌ಗೆ 9,406 ಅರ್ಲಿ ಅರ್ಜಿ ಬಂದಿದ್ದವು. 740 ಜನರಿಗೆ ಸೀಟು ಸಿಕ್ಕಿತು. ಶೇಕಡಾ 80 ರಷ್ಟು ಮಂದಿಗೆ ಡಿಫರ್. ಅಷ್ಟು ಜನರ ಜೊತೆ ನಿಂತಿರುವಾಗ ಡಿಫರ್ ಆಗಿದ್ದರಿಂದ ಏನೂ ಗೊತ್ತಾಗುವುದಿಲ್ಲ. ಅದರ ಮುಂದಿನ ವರ್ಷ ಯೇಲ್ ಹೆಚ್ಚುಕಡಿಮೆ ಐದರಲ್ಲಿ ಒಬ್ಬರನ್ನು ಮಾತ್ರ ಡಿಫರ್ ಮಾಡಿ, ಮೂರರಲ್ಲಿ ಎರಡು ಭಾಗದಷ್ಟು ಅರ್ಜಿಗಳಿಗೆ ಡಿಸೆಂಬರ್‌ನಲ್ಲೇ ಇಲ್ಲ ಅಂದಿತು. ಅಂಥ ಕಡೆ ಡಿಫರ್ ಆದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ನಿಮ್ಮ ಮಗಳ ಕಾಲೇಜು ಯಾವ ಥರದ್ದು ಅಂತ ಹಿಂದಿನ ವರ್ಷಗಳ ಅಂಕಿಅಂಶ ನೋಡಿಕೊಳ್ಳಿ.

ಈಗ ಲೆಟರ್ ವಿಷಯಕ್ಕೆ ಬರೋಣ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅದನ್ನು ಮೂರ್ಖತನ ಅನ್ನುವುದೂ ಇಲ್ಲ. ನಮ್ಮಲ್ಲಿ ಟ್ರಾನ್ಸ್‌ಫರ್‌ಗೆ ಲೆಟರ್ ಬೇಕು, ಹಾಸ್ಟೆಲ್ ಸೀಟಿಗೆ ಲೆಟರ್ ಬೇಕು, ಎಲ್‌ಕೆಜಿ ಸೀಟಿಗೂ ಯಾರಾದರೂ ಫೋನ್ ಮಾಡಬೇಕು. ಲೆಟರ್‌ಹೆಡ್ ಎಷ್ಟು ಭಾರ ಇದೆಯೋ ಕೆಲಸ ಅಷ್ಟು ಬೇಗ ಆಗುತ್ತದೆ. ಇದನ್ನೇ ನೋಡಿಕೊಂಡು ಬೆಳೆದವರಿಗೆ ಅಮೆರಿಕದವರು 'ರೆಕಮೆಂಡೇಷನ್ ಲೆಟರ್' ಕೇಳಿದ ತಕ್ಷಣ ಇದೂ ಅದೇ ಇರಬೇಕು ಅನ್ನಿಸುವುದು ಸಹಜ. ಆದರೆ ಅಲ್ಲಿ ಲೆಟರ್ ಓದುವವರು ಬರೆದವರ ಸ್ಥಾನ ನೋಡುವುದಿಲ್ಲ. ಮಗುವಿನ ಬಗ್ಗೆ ಅವರಿಗೆ ಎಷ್ಟು ಗೊತ್ತು ಅಂತ ನೋಡುತ್ತಾರೆ.

ಕುಲಪತಿಗಳು ಏನು ಬರೆಯುತ್ತಾರೆ, ಹೇಳಿ ನೋಡೋಣ. 'ಈಕೆಯ ಕುಟುಂಬ ನನಗೆ ಬಹಳ ವರ್ಷಗಳಿಂದ ಪರಿಚಯ. ಸುಸಂಸ್ಕೃತ ಮನೆತನ. ಈಕೆ ಪ್ರತಿಭಾವಂತೆ, ವಿನಯವಂತೆ. ಈಕೆಗೆ ಉಜ್ವಲ ಭವಿಷ್ಯ ಹಾರೈಸುತ್ತೇನೆ.' ಸಹಿ, ಸೀಲು. ಪಾಪ, ಅವರಾದರೂ ಬೇರೆ ಏನು ಬರೆದಾರು? ಮಗಳನ್ನು ಅವರು ನೋಡಿರುವುದೇ ಗೃಹಪ್ರವೇಶದಲ್ಲಿ, ಮದುವೆ ಮನೆಯಲ್ಲಿ. ಈ ಕಾಗದ ಓದಿದ ಅಧಿಕಾರಿಗೆ ಸಿಗುವ ಹೊಸ ಮಾಹಿತಿ ಒಂದೇ: ಈ ಮನೆಯವರಿಗೆ ದೊಡ್ಡವರ ಪರಿಚಯ ಇದೆ. ಅದರಿಂದ ಲಾಭ ಅಂತೂ ಇಲ್ಲ.

ಈಗ ಫಿಸಿಕ್ಸ್ ಲೆಕ್ಚರರ್ ಬರೆಯುವ ಪತ್ರ ನೋಡಿ. ಮೀಟರ್ ಬ್ರಿಜ್ ಪ್ರಯೋಗದಲ್ಲಿ ಇವಳ ರೀಡಿಂಗ್ ಉಳಿದವರದ್ದಕ್ಕೆ ಹೊಂದಲಿಲ್ಲ. ಪಕ್ಕದ ಬೆಂಚಿನವರ ರೆಕಾರ್ಡ್ ನೋಡಿ ಬರೆದುಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವಳು ಕನೆಕ್ಷನ್ ಎಲ್ಲ ಬಿಚ್ಚಿ, ಎಲ್ಲಿ ಸಡಿಲ ಇದೆ ಅಂತ ಹುಡುಕಿದಳು. ಲ್ಯಾಬ್ ಮುಗಿದ ಮೇಲೂ ಬಿಡಲಿಲ್ಲ. ಇಷ್ಟೇ, ನಾಲ್ಕು ಸಾಲು. ಆ ಲೆಕ್ಚರರ್ ಹೆಸರು ಅಮೆರಿಕದಲ್ಲಿ ಯಾರಿಗೂ ಗೊತ್ತಿಲ್ಲ, ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ ಇರಬಹುದು. ಆದರೂ ಅರ್ಜಿಯ ಬೇರೆ ಎಲ್ಲೂ ಸಿಗದ ಒಂದು ವಿಷಯ ಇದರಲ್ಲಿ ಇದೆ.

ಇದು ನನ್ನ ಊಹೆ ಅಲ್ಲ. ಏಷ್ಯಾ ಮೂಲದ ಮಕ್ಕಳಿಗೆ ಸೀಟು ಕೊಡುವಾಗ ತಾರತಮ್ಯ ಮಾಡುತ್ತಾರೆ ಅಂತ ಹಾರ್ವರ್ಡ್ ಮೇಲೆ ಹಾಕಿದ ಕೇಸು 2018 ರಲ್ಲಿ ಬಾಸ್ಟನ್‌ನ ಫೆಡರಲ್ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ ಅವರ ಒಳಗಿನ ಪದ್ಧತಿಯೆಲ್ಲ ಹೊರಗೆ ಬಂತು. ಅರ್ಜಿಗಳನ್ನು ಪ್ರದೇಶವಾರು ಹಂಚಿಕೊಂಡು ಓದುತ್ತಾರೆ. ಓದಿಗೆ, ಹೊರಗಿನ ಚಟುವಟಿಕೆಗೆ, ಆಟಕ್ಕೆ, ವ್ಯಕ್ತಿತ್ವಕ್ಕೆ ಬೇರೆ ಬೇರೆ ಅಂಕ. ಟೀಚರ್‌ಗಳ ಮತ್ತು ಕೌನ್ಸೆಲರ್ ಪತ್ರಗಳಿಗೂ ಒಂದೊಂದಕ್ಕೆ ಅಂಕ. ಆಮೇಲೆ ಸುಮಾರು 40 ಜನರ ಸಮಿತಿ ಕೂತು ವೋಟು ಹಾಕುತ್ತದೆ. ಆ ಸಮಿತಿಯಲ್ಲಿ ನಿಮ್ಮ ಪ್ರದೇಶ ನೋಡಿಕೊಳ್ಳುವ ಅಧಿಕಾರಿ ಎದ್ದು ಮಗಳ ಪರವಾಗಿ ಮಾತಾಡಬೇಕು. ಅವರ ಬಾಯಿಗೆ ಮೀಟರ್ ಬ್ರಿಜ್ ಕಥೆ ಕೊಡುತ್ತೀರಾ, 'ಸುಸಂಸ್ಕೃತ ಮನೆತನ' ಕೊಡುತ್ತೀರಾ?

'ಹಾಗಾದರೆ ಅಲ್ಲಿ ಇನ್‌ಫ್ಲುಯೆನ್ಸ್ ನಡೆಯುವುದೇ ಇಲ್ಲವಾ ಸಾರ್?' ನಡೆಯುತ್ತದೆ. ಸುಳ್ಳು ಯಾಕೆ ಹೇಳಲಿ. ಅದೇ ಕೇಸಿನಲ್ಲಿ ದೊಡ್ಡ ದಾನಿಗಳ ಮಕ್ಕಳಿಗೆ ಡೀನ್ ಕಡೆಯಿಂದ ಬೇರೆಯೇ ಪಟ್ಟಿ ಇರುತ್ತದೆ ಅನ್ನುವುದೂ ಗೊತ್ತಾಯಿತು. ಆದರೆ ಅದು ಕ್ಯಾಂಪಸ್‌ನಲ್ಲಿ ಕಟ್ಟಡ ಕಟ್ಟಿಸಿಕೊಡುವವರ ಲೆಕ್ಕ. ಹಳೆಯ ವಿದ್ಯಾರ್ಥಿಗಳ ಸ್ವಂತ ಮಕ್ಕಳಿಗೆ ಕೆಲವು ಕಡೆ ಸ್ವಲ್ಪ ಅನುಕೂಲ ಇದೆ, ಅದೂ ನಿಜ. ಭಾವನ ಸ್ನೇಹಿತರು ಈ ಎರಡರಲ್ಲಿ ಎಲ್ಲೂ ಬರುವುದಿಲ್ಲ. ದುಡ್ಡು ಕೊಟ್ಟು ಅಡ್ಡದಾರಿಯಲ್ಲಿ ನುಗ್ಗಿಸುತ್ತೇನೆ ಅಂತ ಹೊರಟ ರಿಕ್ ಸಿಂಗರ್ ಕಥೆ 2019 ರಲ್ಲಿ ಎಲ್ಲ ಪೇಪರ್‌ಗಳಲ್ಲೂ ಬಂತು. ಅವನಿಗೆ ಮೂರೂವರೆ ವರ್ಷ ಜೈಲು ಶಿಕ್ಷೆ ಆಯಿತು. ದುಡ್ಡು ಕೊಟ್ಟ ಅಪ್ಪ ಅಮ್ಮಂದಿರಲ್ಲೂ ಹಲವರು ಜೈಲು ನೋಡಿ ಬಂದರು.

ಇಷ್ಟಾದ ಮೇಲೂ 'ಕಳಿಸಿದರೆ ನಷ್ಟ ಏನು?' ಅನ್ನುವವರಿದ್ದಾರೆ. ನಷ್ಟ ಇದೆ. ಹೆಚ್ಚಿನ ಪತ್ರ ಕಳಿಸಬೇಡಿ ಅಂತ ಕಾಲೇಜು ಬರೆದಿದ್ದರೂ ಕಳಿಸಿದರೆ, ಹೇಳಿದ ಮಾತು ಕೇಳದ ಮನೆ ಅಂತ ಆಗುತ್ತದೆ. ಅದಕ್ಕಿಂತ ಜಾಸ್ತಿ ನಷ್ಟ ಜನವರಿಯದ್ದು. ಕುಲಪತಿಗಳ ಅಪಾಯಿಂಟ್‌ಮೆಂಟ್, ಡ್ರಾಫ್ಟ್, ಸಹಿ ಅಂತ ಓಡಾಡುವುದರಲ್ಲಿ ತಿಂಗಳು ಮುಗಿಯುತ್ತದೆ. ನಿಜವಾಗಿ ಮಾಡಬೇಕಾದ ಕೆಲಸ ಹಾಗೇ ಉಳಿಯುತ್ತದೆ. ಒಂದನೇ ಕ್ಲಾಸಿನಿಂದ ಇಟ್ಟುಕೊಂಡ ಸರ್ಟಿಫಿಕೇಟ್‌ಗಳನ್ನು ಸ್ಕ್ಯಾನ್ ಮಾಡಿ ಕಳಿಸುವುದಕ್ಕೂ ಇದೇ ಮಾತು.

ಆ ಕೆಲಸಗಳಲ್ಲಿ ಮೊದಲನೆಯದು ಮಿಡ್‌ಇಯರ್ ರಿಪೋರ್ಟ್. ನಮ್ಮವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. 12 ನೇ ತರಗತಿಯ ಮೊದಲರ್ಧದ ಅಂಕಗಳನ್ನು ಸ್ಕೂಲಿನವರೇ ಕಳಿಸಬೇಕು. ಅಮೆರಿಕದ ಸ್ಕೂಲಿನಲ್ಲಿ ಇದಕ್ಕೆ ಕೌನ್ಸೆಲರ್ ಇರುತ್ತಾರೆ. ನಮ್ಮ ಹೆಚ್ಚಿನ ಪಿಯು ಕಾಲೇಜುಗಳಲ್ಲಿ ಆ ಹುದ್ದೆಯೇ ಇಲ್ಲ, ಪ್ರಿನ್ಸಿಪಾಲರೇ ಗತಿ. ಅವರಿಗೆ ಆ ಹೊತ್ತಿನಲ್ಲಿ ಪ್ರಿಪರೇಟರಿ, ಪ್ರಾಕ್ಟಿಕಲ್, ಬೋರ್ಡ್ ಪರೀಕ್ಷೆ ಅಂತ ನೂರು ತಲೆನೋವು. ಅರ್ಜಿ ಹಾಕುವ ವೆಬ್‌ಸೈಟ್ ಕಾಮನ್ ಆ್ಯಪ್‌ನಿಂದ ಬಂದ ಇಮೇಲ್ ಎಲ್ಲೋ ಕೆಳಗೆ ಬಿದ್ದಿರುತ್ತದೆ. ಹೋಗಿ ಎದುರಿಗೆ ಕೂತು ಕಳಿಸಿ ಬನ್ನಿ. ಇದರಲ್ಲಿ ಸಂಕೋಚ ಬೇಡ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಕ್ಕಳು ಮೈಮರೆಯದಿರಲಿ ಅಂತ ಪ್ರಿಪರೇಟರಿಯಲ್ಲಿ ಬಿಗಿಯಾಗಿ ಮಾರ್ಕ್ಸ್ ಹಾಕುವ ಕಾಲೇಜುಗಳಿವೆ. ಸಿಬಿಎಸ್‌ಇ ಸ್ಕೂಲುಗಳ ಪ್ರಿ-ಬೋರ್ಡ್ ಕೂಡ ಹಾಗೇ. ಎಸೆಸೆಲ್ಸಿಯಲ್ಲಿ 96 ತೆಗೆದವಳು ಪ್ರಿಪರೇಟರಿಯಲ್ಲಿ 81 ಅಂದರೆ, ಅಲ್ಲಿ ಕೂತು ಓದುವವರಿಗೆ ಹುಡುಗಿ ಕುಸಿದಳು ಅನ್ನಿಸುತ್ತದೆ. ನಮ್ಮ ಕಾಲೇಜಿನಲ್ಲಿ ಪ್ರಿಪರೇಟರಿಗೆ ಇಷ್ಟು ಬಂದವರಿಗೆ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಎಷ್ಟು ಬರುತ್ತದೆ, ಈ ವರ್ಷ ತರಗತಿಯ ಅತಿ ಹೆಚ್ಚು ಅಂಕ ಎಷ್ಟು, ಇದನ್ನು ಪ್ರಿನ್ಸಿಪಾಲರು ಎರಡು ಸಾಲಿನಲ್ಲಿ ಬರೆದುಕೊಟ್ಟರೆ ಆ ಸಂಶಯ ಹೋಗುತ್ತದೆ. ಕುಲಪತಿಗಳ ಒಂದು ಪುಟಕ್ಕಿಂತ ಈ ಎರಡು ಸಾಲಿಗೆ ಬೆಲೆ ಜಾಸ್ತಿ.

ಎರಡನೆಯದು ಮಗಳೇ ಬರೆಯುವ ಪತ್ರ. ಲೆಟರ್ ಆಫ್ ಕಂಟಿನ್ಯೂಡ್ ಇಂಟರೆಸ್ಟ್ ಅನ್ನುತ್ತಾರೆ. ಒಂದೇ ಪುಟ, ಒಂದೇ ಸಲ. ಅರ್ಜಿ ಹಾಕಿದ ಮೇಲೆ ಏನಾಯಿತು ಅನ್ನುವುದು ಮಾತ್ರ ಅದರಲ್ಲಿರಲಿ. ಊರಿನ ಕೆರೆ ನೀರು ಪರೀಕ್ಷೆ ಮಾಡುತ್ತಿದ್ದೇನೆ ಅಂತ ಅರ್ಜಿಯಲ್ಲಿ ಬರೆದಿದ್ದರೆ, ನೀರಿನಲ್ಲಿ ಏನು ಸಿಕ್ಕಿತು, ಪಂಚಾಯಿತಿಯವರು ಏನಂದರು ಅಂತ ಈಗ ಬರೆಯಲಿ. 'ನಿಮ್ಮದೇ ನನ್ನ ಮೊದಲ ಆಯ್ಕೆ' ಅನ್ನುವುದು ನಿಜ ಇದ್ದರೆ ಮಾತ್ರ ಬರೆಯಲಿ. ಅಪ್ಪ ಬರೆದುಕೊಟ್ಟ ಪತ್ರ ಅಪ್ಪ ಬರೆದ ಹಾಗೇ ಇರುತ್ತದೆ, ದಯವಿಟ್ಟು ಬೇಡ. ಎಲ್ಲಿಗೆ ಕಳಿಸಬೇಕು ಅನ್ನುವುದಕ್ಕೆ ಡಿಫರ್ ಆದಾಗ ಬಂದ ಸೂಚನೆಯನ್ನೇ ಪೂರ್ತಿ ಓದಿ. ಕೆಲವರು ಪೋರ್ಟಲ್‌ನಲ್ಲಿ ಜಾಗ ಕೊಟ್ಟಿರುತ್ತಾರೆ. ಎಂಐಟಿ ಇದಕ್ಕೆಂದೇ ಫೆಬ್ರವರಿಯಲ್ಲಿ ಒಂದು ಫಾರ್ಮ್ ತುಂಬಿಸಿಕೊಳ್ಳುತ್ತದೆ. ಕೆಲವರು ಏನೂ ಬೇಡ ಅನ್ನುತ್ತಾರೆ. ಬೇಡ ಅಂದರೆ ಸುಮ್ನೆ ಇರಿ.

ಹೆಚ್ಚುವರಿ ಪತ್ರಕ್ಕೆ ಅವಕಾಶ ಇದ್ದರೆ ಒಂದು ಕಳಿಸಿ. ಯಾರಿಂದ ಅಂತ ಇಷ್ಟು ಹೊತ್ತು ಹೇಳಿದ್ದೇನೆ.

ಉಳಿದ ಅರ್ಜಿಗಳನ್ನು ಡಿಫರ್ ದುಃಖದಲ್ಲಿ ಅರ್ಧಂಬರ್ಧ ಕಳಿಸಬೇಡಿ. ಎನ್‌ವೈಯು, ಶಿಕಾಗೊ, ವಾಂಡರ್‌ಬಿಲ್ಟ್, ಟಫ್ಟ್ಸ್ ಥರದ ಕಡೆ ಎರಡನೇ ಅರ್ಲಿ ಡಿಸಿಷನ್ ಇದೆ. ಗಡುವು ಜನವರಿ ಮೊದಲ ದಿನಗಳಲ್ಲಿ, ಫಲಿತಾಂಶ ಫೆಬ್ರವರಿಯಲ್ಲಿ. ಅದಕ್ಕೆ ಮಾತು ಕೊಟ್ಟರೆ ಮತ್ತೆ ಕಟ್ಟುಬಿದ್ದ ಹಾಗೆ, ಯೋಚನೆ ಮಾಡಿ ಹಾಕಿ. ಇಲ್ಲಿನ ಕೆಸಿಇಟಿ, ಕಾಮೆಡ್‌ಕೆ ಫಾರ್ಮ್‌ಗಳೂ ಮರೆತುಹೋಗದಿರಲಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕು. ಡಿಫರ್ ಆದ ಮೇಲೆ ಕೆಲವು ಕನ್ಸಲ್ಟೆಂಟ್‌ಗಳು ಒಂದು ಉಪಾಯ ಹೇಳಿಕೊಡುತ್ತಿದ್ದಾರೆ: 'ಫೈನಾನ್ಷಿಯಲ್ ಏಡ್ (ಕಾಲೇಜು ಕೊಡುವ ಧನಸಹಾಯ) ಬೇಡ ಅಂತ ಬರೆದುಬಿಡಿ, ಸೀಟು ಸಿಗುತ್ತದೆ. ಸೇರಿದ ಮೇಲೆ ಕೇಳೋಣ.' ಇದು ಲೆಟರ್‌ಗಿಂತ ಅಪಾಯದ ಸಲಹೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್ ಇಂಥವರು ಹೊರದೇಶದ ಮಕ್ಕಳ ಅರ್ಜಿ ಓದುವಾಗಲೂ ದುಡ್ಡಿನ ಅಗತ್ಯ ನೋಡುವುದಿಲ್ಲ. ಅಲ್ಲಿ ಈ ಉಪಾಯದಿಂದ ಪ್ರಯೋಜನ ಸೊನ್ನೆ. ಬಹಳಷ್ಟು ಬೇರೆ ಕಾಲೇಜುಗಳು ನೋಡುತ್ತವೆ, ಅದು ನಿಜ. ಸ್ಟ್ಯಾನ್‌ಫರ್ಡ್ ಕೂಡ ನೋಡುತ್ತದೆ. ಆದರೆ ಅರ್ಜಿ ಹಾಕುವಾಗ ಏಡ್ ಕೇಳದ ಹೊರದೇಶದ ವಿದ್ಯಾರ್ಥಿ ಮುಂದೆ ನಾಲ್ಕು ವರ್ಷವೂ ಕೇಳುವ ಹಾಗಿಲ್ಲ ಅನ್ನುವುದು ಸ್ಟ್ಯಾನ್‌ಫರ್ಡ್ ನಿಯಮ. ಇಂಥ ದೊಡ್ಡ ಖಾಸಗಿ ಕಡೆ ಈಗ ವರ್ಷದ ಖರ್ಚು 90 ಸಾವಿರ ಡಾಲರ್ ಆಸುಪಾಸು. ವೀಸಾಕ್ಕೆ ಬೇಕಾದ ಐ-20 ಅನ್ನುವ ಕಾಲೇಜಿನ ಪತ್ರ ಸಿಗಬೇಕಾದರೆ ಮೊದಲ ವರ್ಷದ ದುಡ್ಡು ಎಲ್ಲಿದೆ ಅಂತ ಬ್ಯಾಂಕ್ ಕಾಗದ ತೋರಿಸಬೇಕು. ಏಡ್ ಬಾಕ್ಸಿನಲ್ಲಿ ಈಗ ಏನು ಟಿಕ್ ಆಗಿದೆ ಅಂತ ಮಗಳನ್ನು ಕೂರಿಸಿಕೊಂಡು ಇವತ್ತೇ ನೋಡಿ. ಬದಲಿಸುವ ಮೊದಲು ಆ ಕಾಲೇಜಿನ ಏಡ್ ಆಫೀಸಿಗೆ ಒಂದು ಇಮೇಲ್ ಹಾಕಿ, ಉತ್ತರ ಬರುವ ತನಕ ಕೈ ಹಚ್ಚಬೇಡಿ.