ಕೋಳಿ, ಮೇಕೆ, ಬೆಕ್ಕು ಕಾಯೋಕೆ ಎಂಥ ನಾಯಿ ತರಬೇಕು?

ಪ್ರಶ್ನೆ: ಸಾರ್, ನಮ್ಮದು ಚಳ್ಳಕೆರೆ ಹತ್ತಿರ ತೋಟದ ಮನೆ. ನಾಟಿ ಕೋಳಿ, ಮೇಕೆ, ಒಂದು ಬೆಕ್ಕು ಇದೆ. ಹಗಲು ಮುಂಗುಸಿ, ರಾತ್ರಿ ಕಾಡುಬೆಕ್ಕು ಕಾಟ. ಒಳ್ಳೇ ರೋಷ ಇರೋ ನಾಯಿ ಬೇಕು. ಯಾವ ಜಾತೀದು ತರಲಿ?

ಉತ್ತರ: ಇದೇ ಪ್ರಶ್ನೆ ಹೊಳಲ್ಕೆರೆಯಿಂದ ಬರುತ್ತದೆ, ಜಗಳೂರಿನಿಂದ ಬರುತ್ತದೆ, ಚನ್ನಗಿರಿಯ ಅಡಿಕೆ ತೋಟಗಳಿಂದಲೂ ಬರುತ್ತದೆ. ಕಾಟ ಕೊಡುವ ಪ್ರಾಣಿ ಬೇರೆ ಬೇರೆ. ರೋಷದ ನಾಯಿ ಬೇಕು ಅನ್ನುವುದು ಮಾತ್ರ ಎಲ್ಲರದೂ ಒಂದೇ. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಹಾಗಾಗಿ ಇವತ್ತು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ನಾಯಿ ಮನೆಯ ಬೇರೆ ಪ್ರಾಣಿಗಳನ್ನು ಕಾಯುತ್ತದೆ. ನಾಟಿ ನಾಯಿಯೂ ಕಾಯುತ್ತದೆ. ಮರಿಯಾಗಿದ್ದಾಗ ಯಾವುದರ ಜೊತೆ ಬೆಳೆಯಿತೋ ಅದನ್ನು ತನ್ನದು ಅಂದುಕೊಳ್ಳುತ್ತದೆ.

ಇನ್ನು ರೋಷದ ವಿಷಯ. ಹಗಲೆಲ್ಲ ಸರಪಳಿ ಹಾಕಿ ಕಟ್ಟಬೇಕು, ಅರೆಹೊಟ್ಟೆ ಇಡಬೇಕು, ಮುದ್ದೆಗೆ ಖಾರದಪುಡಿ ಕಲಸಿ ಹಾಕಬೇಕು, ಆಗ ನಾಯಿಗೆ ಕಿಚ್ಚು ಬರುತ್ತದೆ ಅನ್ನುವವರು ಈಗಲೂ ಇದ್ದಾರೆ. ಖಾರದಿಂದ ಬರುವುದು ಹೊಟ್ಟೆ ಉರಿ ಮತ್ತು ಭೇದಿ. ಹಸಿದ ನಾಯಿಗೆ ಕೋಳಿ ಕಂಡರೆ ಊಟ ಕಂಡ ಹಾಗೆ, ಅದನ್ನು ಕಾಯುವ ಮಾತೆಲ್ಲಿ? ಹಗಲೆಲ್ಲ ಕಟ್ಟಿದ ನಾಯಿ ಗಾಳಿಗೆ ಗರಿ ಅಲ್ಲಾಡಿದರೂ ಬೊಗಳುತ್ತದೆ. ಬಿಚ್ಚಿದ ತಕ್ಷಣ ಎದುರಿಗೆ ಏನು ಓಡುತ್ತದೋ ಅದರ ಹಿಂದೆ ಬೀಳುತ್ತದೆ. ಎದುರಿಗೆ ಓಡುವುದು ನಿಮ್ಮ ಕೋಳಿಯೇ ಅಲ್ವಾ?

ಅಟ್ಟಿಸಿಕೊಂಡು ಹೋಗುವುದು ಬೇಟೆಯ ಗುಣ. ಮುಧೋಳ ನಾಯಿಯನ್ನು ತಲೆಮಾರುಗಳಿಂದ ಬೆಳೆಸಿದ್ದೇ ಅದಕ್ಕೆ, ಓಡುವುದನ್ನು ನೋಡಿ ಹಿಡಿಯುವುದಕ್ಕೆ. ಬೇಟೆಗೆ ಅದು ಭಾರಿ ನಾಯಿ. ಕೋಳಿ ಕಾಯೋಕೆ ಅದನ್ನೇ ತರಬೇಕು ಅಂತ ಹಟ ಹಿಡಿಯುವುದು ತಪ್ಪು. ಕಾಯುವ ನಾಯಿಯ ಕೆಲಸವೇ ಬೇರೆ. ಅದು ಮಂದೆಯ ಪಕ್ಕದಲ್ಲಿ ಮಲಗಿರುತ್ತದೆ. ಹೊಸ ವಾಸನೆ ಬಂದರೆ ಎದ್ದು ನಿಂತು ಬೊಗಳುತ್ತದೆ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

1833ರಲ್ಲಿ ಚಾರ್ಲ್ಸ್ ಡಾರ್ವಿನ್ ಉರುಗ್ವೆಯಲ್ಲಿ ಕುರಿ ಕಾಯುವ ನಾಯಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅಲ್ಲಿ ಎಳೆ ಮರಿಯನ್ನು ತಾಯಿಯಿಂದ ಬಿಡಿಸಿ ಕುರಿ ರೊಪ್ಪಕ್ಕೆ ತರುತ್ತಿದ್ದರು. ದಿನಕ್ಕೆ ಮೂರು ನಾಲ್ಕು ಸಲ ಕುರಿಯ ಕೆಚ್ಚಲಿಗೇ ಬಾಯಿ ಹಾಕಿಸುತ್ತಿದ್ದರು, ಉಣ್ಣೆಯ ಹಾಸಿಗೆ ಮಾಡುತ್ತಿದ್ದರು. ದೊಡ್ಡದಾದ ಮೇಲೆ ಆ ನಾಯಿ ದಿನಾ ಮಾಂಸಕ್ಕಾಗಿ ಯಜಮಾನನ ಮನೆಗೆ ಬಂದು ಹೋಗುತ್ತಿತ್ತು. ಆಗ ಮನೆಯ ಪುಟ್ಟ ನಾಯಿಯೂ ಅದನ್ನು ಅಟ್ಟಿಸುತ್ತಿತ್ತು, ಇದು ಮಾಂಸ ಕಚ್ಚಿಕೊಂಡು ಓಡುತ್ತಿತ್ತು. ತನ್ನ ಕುರಿಗಳ ಹತ್ತಿರ ಬಂದ ಕೂಡಲೇ ತಿರುಗಿ ನಿಂತು ಬೊಗಳುತ್ತಿತ್ತು. ಹಿಂದೆ ಬಂದ ನಾಯಿಗಳೆಲ್ಲ ದಿಕ್ಕಾಪಾಲು! ಅದೇ ನಾಯಿ, ಅದೇ ದಿನ. ಮನೆ ಅಂಗಳದಲ್ಲಿ ಇಲ್ಲದ ರೋಷ ಮಂದೆಯ ಹತ್ತಿರ ಎಲ್ಲಿಂದ ಬಂತು? ಹೇಳಿ.

ಇನ್ನೊಂದು ಉದಾಹರಣೆ ಆಸ್ಟ್ರೇಲಿಯಾದ್ದು. ವಾರ್ನಾಂಬೂಲ್ ಊರಿನ ಪಕ್ಕ ಮಿಡಲ್ ಐಲ್ಯಾಂಡ್ ಅನ್ನುವ ಚಿಕ್ಕ ದ್ವೀಪವಿದೆ. ಸಮುದ್ರದ ನೀರು ಇಳಿದಾಗ ನರಿಗಳು ದಾಟಿ ಬಂದು ಪುಟ್ಟ ಪೆಂಗ್ವಿನ್‌ಗಳನ್ನು ಕೊಲ್ಲುತ್ತಿದ್ದವು. 2005ರ ಹೊತ್ತಿಗೆ ಹತ್ತು ಪೆಂಗ್ವಿನ್ ಕೂಡ ಉಳಿದಿರಲಿಲ್ಲ. 2006ರಲ್ಲಿ ಮರೆಮ್ಮಾ ಜಾತಿಯ ಕಾವಲು ನಾಯಿಗಳನ್ನು ಅಲ್ಲಿ ಬಿಟ್ಟರು. ಪೆಂಗ್ವಿನ್ ಸಂಖ್ಯೆ ಮತ್ತೆ ಏರಿತು. ನಾಯಿಯ ವಾಸನೆ, ಅದರ ಬೊಗಳು ಇದ್ದ ಕಡೆ ನರಿ ಕಾಲಿಡಲಿಲ್ಲ.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟು. ಎರಡು ತಿಂಗಳ ಮರಿ ತನ್ನಿ. ಮೊದಲ ಮೂರು ಮೂರೂವರೆ ತಿಂಗಳಲ್ಲಿ ಕಂಡಿದ್ದು ನಾಯಿಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಕೋಳಿಗೂಡಿನ ಪಕ್ಕ, ಜಾಲರಿಯ ಈಚೆ ಮಲಗಿಸಿ. ಕೋಳಿ ಬಿಟ್ಟಾಗ ಮರಿಯನ್ನು ಹಗ್ಗದಲ್ಲಿ ಹಿಡಿದು ನೀವೇ ಜೊತೆಗಿರಿ. ಅಟ್ಟಿಸಲು ಹೋದರೆ ಅಲ್ಲೇ ತಡೆಯಿರಿ, ಸುಮ್ನೆ ಕೂತರೆ ತಲೆ ಸವರಿ. ಬೆಕ್ಕಿಗೆ ಹತ್ತಿ ಕೂರೋಕೆ ಎತ್ತರದ ಜಾಗ ಇರಲಿ. ಹೊಟ್ಟೆ ತುಂಬ ಹಾಕಿ. ವರ್ಷದ ನಾಯಿ ಇನ್ನೂ ಹುಡುಗುತನದ್ದು, ಆಟಕ್ಕೆ ಹಿಡಿದೇ ಕೋಳಿ ಸಾಯಿಸುತ್ತದೆ. ಒಂದೂವರೆ ಎರಡು ವರ್ಷ ಆಗುವವರೆಗೂ ಕೋಳಿಮರಿಗಳ ಜೊತೆ ಅದನ್ನು ಒಂದನ್ನೇ ಬಿಡಬೇಡಿ.

ಒಂದು ಮಾತು ಯಾರೂ ಕೇಳುವುದಿಲ್ಲ. ಇವನ್ನೆಲ್ಲ ನಾಯಿ ಕಾಯುತ್ತದೆ, ನಾಯಿಯನ್ನು ಕಾಯುವವರು ಯಾರು?

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕಡೆಯವರಿಗೆ ಗೊತ್ತು, ಚಿರತೆಗೆ ನಾಯಿ ಅಂದರೆ ಸುಲಭದ ಬೇಟೆ. ಹಿಮಾಚಲದ ಗದ್ದಿ ಕುರಿಗಾಹಿಗಳು ನಾಯಿಯ ಕೊರಳಿಗೆ ಕಬ್ಬಿಣದ ಪಟ್ಟಿ ಹಾಕುವುದು ಚಿರತೆ ಕುತ್ತಿಗೆಗೇ ಬಾಯಿ ಹಾಕುತ್ತದೆ ಅಂತಲೇ. ಚಿರತೆ ಓಡಾಡುವ ಕಡೆ ರಾತ್ರಿ ನಾಯಿಯನ್ನು ಹೊರಗೆ ಕಟ್ಟಬೇಡಿ. ಕಟ್ಟಿದರೆ ಅದು ಓಡಲೂ ಆಗುವುದಿಲ್ಲ.

ಹಾವಿನದು ಇನ್ನೂ ದೊಡ್ಡ ಚಿಂತೆ. ನಾಯಿ ಹಾವನ್ನು ಮೂಸುತ್ತದೆ, ಕಾಲಲ್ಲಿ ಕೆದಕುತ್ತದೆ. ಅದಕ್ಕೇ ಕಡಿತ ಬಹುತೇಕ ಮೂತಿಗೆ ಇಲ್ಲವೇ ಮುಂಗಾಲಿಗೆ ಬೀಳುತ್ತದೆ. ಗರಿಕೆ ತಿಂದು ವಿಷ ಇಳಿಸಿಕೊಳ್ಳುತ್ತದೆ ಅಂತ ಕಾಯುತ್ತಾ ಕೂರಬೇಡಿ, ಹುಲ್ಲಿನಿಂದ ವಿಷ ಇಳಿಯುವುದಿಲ್ಲ. ಕೊಳಕುಮಂಡಲ ಕಚ್ಚಿದರೆ ಊತ, ರಕ್ತ ಸೋರುವುದು. ನಾಗರಹಾವು ಕಚ್ಚಿದರೆ ರೆಪ್ಪೆ ಜೋಲುತ್ತದೆ, ಜೊಲ್ಲು ಸುರಿಯುತ್ತದೆ, ಹಿಂಗಾಲು ತಡವರಿಸುತ್ತದೆ. ಗಾಯ ಕೊಯ್ಯಬೇಡಿ. ಬಾಯಿಗೆ ಎಣ್ಣೆ, ಈರುಳ್ಳಿ ರಸ ಹಾಕಬೇಡಿ. ನುಂಗಲು ಆಗದೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಡೆಸದೆ ಎತ್ತಿಕೊಂಡು ಹೋಗಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಸೇರಿ ಮಾಡಿದ ಔಷಧಿಯೇ ನಾಯಿಗೂ ಕೊಡುವುದು. ಅದು ಎಲ್ಲ ಪಶು ಆಸ್ಪತ್ರೆಯಲ್ಲೂ ಇರುತ್ತದೆ ಅಂದುಕೊಳ್ಳಬೇಡಿ. ಹೊರಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಪಶುಗಳ ಆಂಬುಲೆನ್ಸ್ ನಂಬರ್ 1962. ಮರಿ ಮನೆಗೆ ತಂದ ದಿನವೇ ಈ ಎರಡೂ ನಂಬರ್ ಗೋಡೆ ಮೇಲೆ ಬರೆದಿಡಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ.