ಓಝೋನಿನ ಎದುರು ಸೊಪ್ಪಿನ ಎಲೆ: ವಿಟಮಿನ್ ಸಿ ಎಷ್ಟರಮಟ್ಟಿಗೆ ಕಾಯುತ್ತದೆ?

ಗೋಧಿಯ ಎಲೆಯ ಮೇಲೆ ಒಂದಿಷ್ಟು ಚುಕ್ಕೆ ಬಿದ್ದರೆ ಕಾಳು ಕೊಳ್ಳುವವರಿಗೆ ಅದು ತಿಳಿಯುವುದೇ ಇಲ್ಲ. ಪಾಲಕ್, ಲೆಟ್ಯೂಸ್‌ಗಳಲ್ಲಿ ಎಲೆಯೇ ಫಸಲು. ಹೊಗೆಮಂಜಿನಲ್ಲಿರುವ ಓಝೋನ್ ಅನಿಲ ಬಿಸಿಲೇರಿದ ಒಂದೇ ಮಧ್ಯಾಹ್ನದಲ್ಲಿ ಇಡೀ ಮಡಿಯನ್ನು ಮಾರಾಟಕ್ಕೆ ಬಾರದಂತೆ ಮಾಡಬಲ್ಲದು. ಲಾಸ್ ಏಂಜಲೀಸ್‌ನ ಹೊಗೆಮಂಜು ಬೆಳೆಗಳನ್ನು ಹೇಗೆ ಕೆಡಿಸುತ್ತದೆಂದು ರಸಾಯನವಿಜ್ಞಾನಿ ಹಾಗೆನ್-ಸ್ಮಿಟ್ ಮತ್ತು ಸಂಗಡಿಗರು 1952ರಲ್ಲಿ ವರದಿ ಮಾಡಿದಾಗ, ಅವರು ಪರೀಕ್ಷೆಗೆ ಬಳಸಿದ ಗಿಡಗಳಲ್ಲಿ ಪಾಲಕ್ ಕೂಡ ಇತ್ತು. ಎಲೆಗೆ ವಿಟಮಿನ್ ಸಿ ಸಿಂಪಡಿಸಿ ಈ ಹಾನಿಯನ್ನು ತಡೆಯುವ ಪ್ರಯತ್ನ ಆ ದಶಕದ ಕೊನೆಯ ಹೊತ್ತಿಗೇ ಶುರುವಾಗಿತ್ತು.

ವಾಹನಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಮತ್ತು ಆವಿಯಾಗುವ ಸಾವಯವ ಸಂಯುಕ್ತಗಳು ಬಿಸಿಲಿನಲ್ಲಿ ಸೇರಿ ನೆಲಮಟ್ಟದ ಓಝೋನ್ ಆಗುತ್ತದೆ. ಹಾಗಾಗಿ ಅದರ ಪ್ರಮಾಣ ಬೆಳಿಗ್ಗೆ ಕಡಿಮೆ, ನಡುಮಧ್ಯಾಹ್ನದಿಂದ ಸಂಜೆ ನಾಲ್ಕರವರೆಗೆ ಹೆಚ್ಚು. ಎಲೆ ಉಸಿರಾಡುವ ಸೂಕ್ಷ್ಮ ತೂತುಗಳಾದ ಪತ್ರರಂಧ್ರಗಳ ಮೂಲಕ ಒಳಹೊಕ್ಕ ಓಝೋನ್ ಮೊದಲು ಮುಟ್ಟುವುದು ಜೀವಕೋಶಗಳ ಹೊರಗೆ, ಕೋಶಭಿತ್ತಿಯಲ್ಲಿರುವ ತೆಳು ನೀರಿನ ಪದರವನ್ನು. ಅಲ್ಲಿರುವ ಆಸ್ಕಾರ್ಬೇಟ್, ಅಂದರೆ ವಿಟಮಿನ್ ಸಿ, ಓಝೋನಿನೊಂದಿಗೆ ವರ್ತಿಸಿ ತಾನು ಉತ್ಕರ್ಷಣಗೊಳ್ಳುತ್ತದೆ. ತೊಡಕು ಇರುವುದು ಇಲ್ಲೇ. ಕೋಶದ ಒಳಗೆ ಗ್ಲುಟಾಥಯೋನ್ ಎಂಬ ರಕ್ಷಕ ಸಂಯುಕ್ತ ಮತ್ತು ಕಿಣ್ವಗಳು ಬಳಕೆಯಾದ ಆಸ್ಕಾರ್ಬೇಟನ್ನು ಮತ್ತೆ ಸಜ್ಜುಗೊಳಿಸುತ್ತವೆ. ಹೊರಗಿನ ಪದರದಲ್ಲಿ ಆ ವ್ಯವಸ್ಥೆ ತೀರ ದುರ್ಬಲ. ಬಳಕೆಯಾದದ್ದು ಕೋಶದೊಳಕ್ಕೆ ಹೋಗಿ, ಸರಿಹೋಗಿ, ಹಿಂತಿರುಗಬೇಕು. ಓಝೋನ್ ಬರುವ ವೇಗ ಈ ಸಾಗಣೆಯನ್ನು ಮೀರಿದರೆ ಕೋಶಕ್ಕೆ ಹಾನಿ ಮಾಡುವ ಹೈಡ್ರೋಜನ್ ಪೆರಾಕ್ಸೈಡ್, ಸೂಪರಾಕ್ಸೈಡ್‌ಗಳು ಹೆಚ್ಚಿ ಕೋಶಪೊರೆ ಒಡೆಯುತ್ತದೆ. ಸಾಮಾನ್ಯಕ್ಕಿಂತ ಬಹಳ ಕಡಿಮೆ ಆಸ್ಕಾರ್ಬೇಟ್ ಇರುವ, ಪ್ರಯೋಗಾಲಯಗಳಲ್ಲಿ ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ರೂಪಾಂತರಿತ ತಳಿಯೊಂದು ಓಝೋನಿಗೆ ಬೇಗ ಬಲಿಯಾಗುತ್ತದೆ ಎಂಬುದು 1996ರಲ್ಲಿ ಪ್ರಕಟವಾಯಿತು. ಈ ರಕ್ಷಣೆಗೆ ಅದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ.

ಸಿಂಪಡಣೆಗೆ ಮೊದಲು ಹಾನಿ ಯಾವುದರದ್ದೆಂದು ಗುರುತಿಸಬೇಕು. ಈಗಷ್ಟೇ ಪೂರ್ತಿ ಬಲಿತ ಎಲೆಗಳ ಮೇಲ್ಮೈಯಲ್ಲಿ, ನರಗಳ ನಡುವೆ ಸಣ್ಣ ಬಿಳಿ ಅಥವಾ ಕಂದು ಚುಕ್ಕೆಗಳಿದ್ದರೆ ಓಝೋನ್. ಎಳೆಯ ಎಲೆಗಳ ಕೆಳಮೈ ಬೆಳ್ಳಿಯಂತೆ ಅಥವಾ ಕಂಚಿನಂತೆ ಹೊಳೆಯುತ್ತಿದ್ದರೆ ಹೊಗೆಮಂಜಿನ ಇನ್ನೊಂದು ಅನಿಲವಾದ ಪೆರಾಕ್ಸಿಅಸಿಟೈಲ್ ನೈಟ್ರೇಟ್. ದೂಳು, ಮಸಿ, ಅದರೊಂದಿಗೆ ಬರುವ ಸೀಸ, ಕ್ಯಾಡ್ಮಿಯಂ ಇವುಗಳಿಗೆ ವಿಟಮಿನ್ ಸಿ ಏನೂ ಮಾಡದು. ನುಸಿಯ ಕಡಿತವೂ ಚುಕ್ಕೆಯಂತೆಯೇ ಕಾಣುವುದರಿಂದ ಎಲೆಯ ಅಡಿಯನ್ನು ಭೂತಗನ್ನಡಿಯಲ್ಲಿ ನೋಡಿಯೇ ತೀರ್ಮಾನಿಸಬೇಕು.

ದ್ರಾವಣಕ್ಕೆ 10 ಲೀಟರ್ ನೀರಿಗೆ 5 ಗ್ರಾಂ ಆಸ್ಕಾರ್ಬಿಕ್ ಆಮ್ಲ ಸಾಕು. ಅಂದರೆ 500 ಪಿಪಿಎಂ (ಹತ್ತು ಲಕ್ಷಕ್ಕೆ 500 ಭಾಗ). ಶುದ್ಧ ನೀರಿನಲ್ಲಿ ಇದರ ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.4ರ ಆಸುಪಾಸಿಗೆ ಇಳಿಯುತ್ತದೆ. ಎಳೆ ಎಲೆಯ ಅಂಚು ಸುಡಲು ಅಷ್ಟು ಹುಳಿ ಸಾಕಾಗಬಹುದು. ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ, ಪಿಎಚ್ ಕಾಗದದಲ್ಲಿ ನೋಡುತ್ತಾ 6ರ ಹತ್ತಿರ ನಿಲ್ಲಿಸಬೇಕು. ಲೆಕ್ಕದಂತೆ ಸುಮಾರು 2.4 ಗ್ರಾಂ ಹಿಡಿಯುತ್ತದೆ. ಗಡಸು ನೀರಾದರೆ ಅದರಲ್ಲಿರುವ ಬೈಕಾರ್ಬನೇಟೇ ಹುಳಿಯನ್ನೆಲ್ಲ ತಿಂದುಹಾಕಬಹುದು, ಆಗ ಸೋಡಾ ಬೇಕೇ ಇಲ್ಲ. ಪಿಎಚ್ 7 ದಾಟಿದರೆ ವಿಟಮಿನ್ ಸಿ ಟ್ಯಾಂಕಿನಲ್ಲೇ ಬೇಗ ಕೆಡುತ್ತದೆ. ಕೊನೆಯಲ್ಲಿ ಲೀಟರಿಗೆ ಅರ್ಧ ಮಿಲಿ ಅಯಾನಿಕವಲ್ಲದ (ನಾನ್-ಅಯಾನಿಕ್) ಅಂಟುದ್ರಾವಣ ಸೇರಿಸಬೇಕು. ಅದಿಲ್ಲದಿದ್ದರೆ ಹನಿಗಳು ಮೇಣದ ಮೈಯಿಂದ ಜಾರಿಬೀಳುತ್ತವೆ.

ತಾಮ್ರ ಮತ್ತು ಕಬ್ಬಿಣವನ್ನು ಕಟ್ಟುನಿಟ್ಟಾಗಿ ದೂರವಿಡಿ. ಇವು ಆಸ್ಕಾರ್ಬೇಟಿನ ಉತ್ಕರ್ಷಣವನ್ನು ವೇಗಗೊಳಿಸುವುದಷ್ಟೇ ಅಲ್ಲ, ಅದರ ಜೊತೆ ಸೇರಿ ಕೋಶವನ್ನು ಕೆಡಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನೂ ಹುಟ್ಟಿಸುತ್ತವೆ. ಕಾಯಬೇಕಾದ ವಸ್ತುವೇ ಆಗ ಎಲೆಯನ್ನು ಸುಡುತ್ತದೆ. ತಾಮ್ರವಿರುವ ಶಿಲೀಂಧ್ರನಾಶಕವಾದ ಬೋರ್ಡೋ ದ್ರಾವಣದೊಂದಿಗೆ, ಕಬ್ಬಿಣದ ಲಘುಪೋಷಕದೊಂದಿಗೆ ಬೆರೆಸಲೇಬಾರದು. ತುಕ್ಕು ಹಿಡಿದ ಡ್ರಮ್ಮೂ ಬೇಡ, ಪ್ಲಾಸ್ಟಿಕ್ ಒಳ್ಳೆಯದು. ಉಳಿದ ದ್ರಾವಣವನ್ನು ಮರುದಿನಕ್ಕೆ ಇಟ್ಟುಕೊಳ್ಳಬೇಡಿ.

ಪ್ರಮಾಣಕ್ಕಿಂತ ಹೊತ್ತು ಮುಖ್ಯ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇಬ್ಬನಿ ಆರಿದ ಕೂಡಲೇ, ಓಝೋನ್ ಏರುವ ಮುನ್ನ, ಎಲೆಯ ಎರಡೂ ಮೈ ತೇವವಾಗುವಂತೆ ಸಿಂಪಡಿಸಬೇಕು. ಚುಕ್ಕೆ ಕಂಡ ಮೇಲೆ ಸಿಂಪಡಿಸಿದರೆ ಸತ್ತ ಕೋಶಗಳು ಮರಳುವುದಿಲ್ಲ. ಎಲೆಯ ಮೇಲೆ ಬಿದ್ದ ವಿಟಮಿನ್ ಸಿ ಹೆಚ್ಚು ಕಾಲ ಬಾಳದು, ಹೊಸ ಎಲೆಗಳೂ ಬಿಚ್ಚಿಕೊಳ್ಳುತ್ತಲೇ ಇರುತ್ತವೆ. ಹೀಗಾಗಿ ತಾರೀಖು ನೋಡಿ ಸಿಂಪಡಿಸುವುದಕ್ಕಿಂತ, ಗಾಳಿಯಾಡದ, ಮೋಡವಿಲ್ಲದ, ಬಿಸಿ ದಿನಗಳನ್ನು ನೋಡಿ ಸಿಂಪಡಿಸುವುದು ಸರಿ.

ಎಥಿಲೀನ್‌ಡೈಯೂರಿಯಾ ಎಂಬ ಸಂಯುಕ್ತದ ಹೆಸರೂ ಈ ವಿಷಯದಲ್ಲಿ ಕೇಳಿಬರುತ್ತದೆ. 1978ರಲ್ಲಿ ವರದಿಯಾದ ಇದು ಓಝೋನ್ ಹಾನಿಯನ್ನು ಗಮನಾರ್ಹವಾಗಿ ತಗ್ಗಿಸುತ್ತದೆ. ಪ್ರಯೋಗಗಳಲ್ಲಿ 200ರಿಂದ 400 ಪಿಪಿಎಂ ಬಳಸುತ್ತಾರೆ. ಆದರೆ ಅದು ಸಂಶೋಧನೆಯ ಸಾಧನ. ತಿನ್ನುವ ಸೊಪ್ಪಿನ ಮೇಲೆ ಅದನ್ನು ಹಾಕಬಾರದು.

ಗಿಡ ತಾನೇ ತಯಾರಿಸಿಕೊಳ್ಳುವ ವಿಟಮಿನ್ ಸಿಯನ್ನು ಹೆಚ್ಚಿಸುವ ದಾರಿ ಇನ್ನೂ ಅಗ್ಗ. ಯೂರಿಯಾ ಅತಿಯಾದರೆ ಎಲೆ ದೊಡ್ಡದಾಗುತ್ತದೆ, ಅದರೊಳಗಿನ ವಿಟಮಿನ್ ಸಿ ತೆಳುವಾಗುತ್ತದೆ. ನೆರಳು ಹೆಚ್ಚಾದರೂ ಅದು ಇಳಿಯುತ್ತದೆ. ಸೂಪರಾಕ್ಸೈಡನ್ನು ನಿಭಾಯಿಸುವ ಕಿಣ್ವಗಳಿಗೆ ಸತು, ಮ್ಯಾಂಗನೀಸ್ ಬೇಕು. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ ಕೊಡಿ. ನೀರಿನ ವಿಷಯ ನಾಜೂಕು. ನೀರುಂಡ ಗಿಡದ ಪತ್ರರಂಧ್ರಗಳು ತೆರೆದಿದ್ದು ಓಝೋನ್ ಹೆಚ್ಚು ಒಳಹೋಗುತ್ತದೆ. ಹಾಗೆಂದು ಬಾಡಿಸಿದರೆ ಇಳುವರಿಯೇ ಹೋಗುತ್ತದೆ. ಓಝೋನ್ ಏರುವ ದಿನಗಳಲ್ಲಿ ಮಧ್ಯಾಹ್ನ ಬಿಟ್ಟು ಸಂಜೆ ನೀರು ಹಾಯಿಸುವುದು ಒಂದು ನಡುದಾರಿ.

ಫಲ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಕೆಲವು ಮಡಿಗಳಿಗೆ ವಿಟಮಿನ್ ಸಿ ದ್ರಾವಣ, ಕೆಲವಕ್ಕೆ ಬರೀ ನೀರು ಮತ್ತು ಅಂಟುದ್ರಾವಣ ಸಿಂಪಡಿಸಿ. ಎರಡೂ ಬಗೆಯ ಮಡಿಗಳು ಹೊಲದಲ್ಲಿ ಬೆರೆತಿರಲಿ, ಒಂದು ಬಗೆಯದೆಲ್ಲ ರಸ್ತೆ ಬದಿಗೇ ಬೀಳದಿರಲಿ. ಕೊಯ್ಲಿನಲ್ಲಿ ಮಾರಾಟಕ್ಕೆ ಯೋಗ್ಯವಾದ ಸೊಪ್ಪನ್ನು ಮಾತ್ರ ಬೇರೆಯಾಗಿ ತೂಗಿ. ಒಟ್ಟು ತೂಕವನ್ನಷ್ಟೇ ನೋಡಿದರೆ ಚುಕ್ಕೆಯ ಎಲೆಯೂ ಅದರಲ್ಲಿ ಸೇರಿ ವ್ಯತ್ಯಾಸ ಮರೆಯಾಗುತ್ತದೆ.